ಅತಿ ಹಳೆಯ ಸರಕಿನ ವಯಸ್ಸು

ವರ್ಲಿನ್ ಸೆಡ್ಲಾಚೆಕ್ ಫೋನಿನಲ್ಲಿ ಬೈಯುವುದಿಲ್ಲ,
ಕೆಮ್ಮುತ್ತಾನೆ.
ಕೌಂಟಿಯ ಸೈರನ್ನಿನ ಗುಂಡಿ ಅವನ ಕೈಲಿದೆ.
"ಮೊನ್ನೆ ಆಲಿಕಲ್ಲಿಗೆ ನಿಮ್ಮ ಎಚ್ಚರಿಕೆ ಬರುವ ಹೊತ್ತಿಗೆ
ನಾನು ಪಿಕಪ್ಪಿನ ಗಾಜು ಗುಡಿಸುತ್ತಿದ್ದೆ" ಅಂದ.
ಆಮೇಲೆ ಕೆಮ್ಮಿದ.

ಅದಕ್ಕೇ ಈ ರಾತ್ರಿ,
ನೆಬ್ರಾಸ್ಕಾದ ಮಾರ್ಚ್ ತಿಂಗಳ ಮೂಳೆ ಕೊರೆವ ರಾತ್ರಿ,
ಕಾಲೇಜಿನ ಮೂರನೇ ಮಹಡಿಯ ಗೂಡಿನಲ್ಲಿ
ನಾನೂ ಸರ್ವರ್ರೂ ಎದುರುಬದುರು.
ಕೆಳಗೆ ಕಲ್ಲಿದ್ದಲ ಗೂಡ್ಸ್ ಗಾಡಿ,
ಅದರಾಚೆ ಪ್ಲಾಟ್ ನದಿ, ಮೊಣಕಾಲುದ್ದ ನೀರು.

ಕೇಳಿದೆ: ನಿನ್ನ ಕ್ಯೂನಲ್ಲಿ
ಅತಿ ಹಳೆಯ ಸರಕಿನ ವಯಸ್ಸೆಷ್ಟು?
ಹೇಳಿತು: ಇನ್ನೂರ ನಲವತ್ತು ಸೆಕೆಂಡು.

ನಾಲ್ಕು ನಿಮಿಷ.
ನಾಲ್ಕೇ ನಿಮಿಷಕ್ಕೆ ಮುಪ್ಪಾಗಿ ಸಾಯುತ್ತಿದೆ ಇಲ್ಲಿ ಆಕಾಶ.
ಹೊಸತು ಒಳಬಂದು ಭುಜ ತಾಗಿಸಿದರೆ ಸಾಕು
ಹಳೆಯದು ಹೊರಗೆ.
ಓದಿದರೋ ಇಲ್ಲವೋ
ವಿಚಾರಿಸುವವರಿಲ್ಲ.

ಕಡತ ತೆರೆದೆ. ಆರ್ಡಿತ್ ಕುಚೆರಾ ಕಟ್ಟಿದ್ದು,
ಹದಿನೆಂಟು ವರ್ಷ ನಡೆಸಿ ಬಿಟ್ಟುಹೋದದ್ದು.
ಸಾಲಿನ ತಲೆಗೊಂದು ಹ್ಯಾಶ್ ಇಟ್ಟರೆ
ಯಂತ್ರ ಅದನ್ನು ಓದದೆ ದಾಟುತ್ತದೆ.
ಅಲ್ಲೆಲ್ಲ ಅವಳ ದನಿ:
# ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟಿದ್ದೇನೆ.
# ಡೀನ್ ಕೇಳಿದನೆಂದು ಸೇರಿಸಿದ್ದು. ನೋಡಿದ್ದು ಒಂದೇ ಸಲ.
# ಡಿಸ್ಕಿಗೆ ದುಡ್ಡಿಲ್ಲವಂತೆ. ಹಾಸಿಗೆ ಇದ್ದಷ್ಟು ಕಾಲು.
# ಎರಡು ದಾರಿಯಿಂದ ತರಿಸಿ. ಮೊದಲು ಬಂದದ್ದು ಮನೆಯವನು,
# ಎರಡನೆಯದು ತಾನೇ ನಾಚಿ ಹಿಂದಿರುಗುತ್ತದೆ.

ಇಳಿಯುತ್ತ ಇಳಿಯುತ್ತ
ಒಂದು ಸಾಲು, ಹ್ಯಾಶ್ ಇಲ್ಲದ್ದು, ಅವಳದಲ್ಲದ್ದು.
ಒಂದು ಚುಕ್ಕಿ, ಪಕ್ಕದಲ್ಲೊಂದು ನಕ್ಷತ್ರ.
ಈ ಭಾಷೆಯಲ್ಲಿ ಅದರರ್ಥ: ಎಲ್ಲ.
ಎಲ್ಲ ಕೊಡಿ, ಏನಿದ್ದರೂ ಕೊಡಿ.

ಅದು ನನ್ನ ಕೈಬರಹ.
ಹೋದ ಅಕ್ಟೋಬರಿನಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ,
ಬೇಕು ಬೇಡಗಳ ಪಟ್ಟಿ ಮಾಡಲು ಬೇಜಾರಾಗಿ.

ಆರು ತಿಂಗಳಿಂದ ಗ್ವಾಮಿನ ಗಾಳಿ,
ಅಜೋರ್ಸ್ ದ್ವೀಪಗಳ ಒತ್ತಡ,
ಅಲಾಸ್ಕಾದಲ್ಲಿ ಯಾರೂ ಇಳಿಯದ ರನ್‌ವೇ ಮೇಲಿನ ಮಂಜು
ಈ ಚಿಕ್ಕ ಬಾಗಿಲಲ್ಲಿ ನೂಕಾಡಿವೆ,
ವರ್ಲಿನ್ನನ ಆಲಿಕಲ್ಲು
ಸಾಲಿನ ಹಿಂದೆಲ್ಲೋ ಕಾದಿದೆ, ಚೀಟಿ ಹಿಡಿದು.

ನಕ್ಷತ್ರ ಅಳಿಸಿದೆ.
ಹೇಸ್ಟಿಂಗ್ಸ್ ಎಂದೆ, ನಾರ್ತ್ ಪ್ಲಾಟ್ ಎಂದೆ, ಒಮಾಹಾ ಎಂದೆ.
ಗ್ವಾಮ್, ಹೋಗಿ ಬಾ.
ಕ್ಯೂ ಹಿಗ್ಗಿಸಲು ಎಲ್ಲ ನಿಲ್ಲಿಸಲೇಬೇಕು:
ತೊಂಬತ್ತು ಸೆಕೆಂಡು
ನಮ್ಮ ಮೇಲೆ ಹವೆಯೇ ಇರಲಿಲ್ಲ.

ಎಬ್ಬಿಸಿದೆ. ಸರಕು ಬಂತು,
ಫೈಲಾಗಲಿಲ್ಲ.
ಮುಕ್ಕಾಲು ಗಂಟೆ ಹುಡುಕಿದ ಮೇಲೆ ತಿಳಿಯಿತು,
ಖಾಲಿಯಲ್ಲೂ ಎರಡು ಜಾತಿ.
ಟ್ಯಾಬ್ ಇರಬೇಕಾದಲ್ಲಿ ನಾನು
ಎಂಟು ಸಲ ಸ್ಪೇಸ್ ಒತ್ತಿದ್ದೆ.
ಕಣ್ಣಿಗೆ ಎರಡೂ ಅದೇ ಬಿಳುಪು.
ಯಂತ್ರಕ್ಕೆ ಒಂದು ಬಾಗಿಲು, ಇನ್ನೊಂದು ಗೋಡೆ.
ಮೇಲೆ ಹತ್ತಿ ನೋಡಿದರೆ ಆರ್ಡಿತ್ ಬರೆದೇ ಇಟ್ಟಿದ್ದಾಳೆ:
# ಟ್ಯಾಬ್, ಮಾರಾಯರೇ, ಟ್ಯಾಬ್.

ಬೆಳಕು ಹರಿಯುವಾಗ ನದಿಯಿಂದ
ಬೂದು ಕೊಕ್ಕರೆಗಳು ಎದ್ದವು,
ಸಾವಿರವೋ, ಹತ್ತು ಸಾವಿರವೋ,
ತುಕ್ಕು ಹಿಡಿದ ತಿರುಗಣಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದ ಹಾಗೆ.
ಕಿಟಕಿ ತೆರೆದು ನಿಂತೆ.
ಅವು ಜೋಳದ ಕೂಳೆಹೊಲಗಳಲ್ಲಿ ಇಳಿಯುತ್ತಿರುವಾಗ
ಪರದೆಯ ಮೇಲೆ ಎದ್ದವು,
ಹಸಿರು ಉಂಗುರವಾಗಿ, ಮಳೆಯ ವೇಷದಲ್ಲಿ,
ಐದು ನಿಮಿಷ ತಡವಾಗಿ.

ಅದರಲ್ಲಿ ಒಂಬತ್ತು ಸೆಕೆಂಡು ಮಾತ್ರ ನನ್ನದು.
ಉಳಿದದ್ದು ರಡಾರ್ ಒಂದು ಸುತ್ತು
ಸುತ್ತಿ ಬರುವ ವೇಳೆ.
ಅದಕ್ಕೆ ಈ ಕಡತದಲ್ಲಿ ಸಾಲಿಲ್ಲ.

ಫೋನು. ಕೆಮ್ಮು.
"ಏನದು ಹಸಿರು, ಮಳೆಯೇ?"
"ಅಲ್ಲ, ಕೊಕ್ಕರೆ."
"ಗೊತ್ತು," ಅಂದ ವರ್ಲಿನ್, "ನನ್ನ ಟೋಪಿಯ ಮೇಲೇ ಇವೆ.
ನಿಮಗೂ ಗೊತ್ತೋ ಅಂತ ನೋಡಿದೆ."